ಕೆಂಪು ಮಾಸಿದೆ ಎಂದಳು

ಬಟ್ಟೆ ಕೊಳ್ಳುವವರಿಗೆ ನಾನು ಮೊದಲು ಹೇಳುವ ಬುದ್ಧಿಮಾತು ಇಷ್ಟೇ: ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಬೇಡಿ. ಥಾನನ್ನು, ಅಂದರೆ ಬಟ್ಟೆಯ ಸುರುಳಿಯನ್ನು, ಬಾಗಿಲಿಗೆ ತನ್ನಿ, ಹಗಲ ಬೆಳಕಿಗೆ ಹಿಡಿಯಿರಿ. ಮಾರುವವನು ಬೇಡವೆಂದು ಅಡ್ಡ ಬಂದರೆ ಅಲ್ಲಿಂದ ಇಳಿದುಬಿಡಿ, ಊರಿನಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ. ಮಸ್ಕತ್ತಿನ ರೂವಿ ಪೇಟೆಯಲ್ಲಿ ಇನ್ನೊಬ್ಬರ ಅಂಗಡಿಯ ಸೇಲ್ಸ್‌ಮನ್ ಆಗಿದ್ದಾಗ ನಾನು ಕಲಿತ ವಿದ್ಯೆ ಇದು. ಆಮೇಲೆ ಒಮಾನಿನ ಒಳನಾಡಿನ ಇಬ್ರಾದಲ್ಲಿ ಸ್ವಂತ ಅಂಗಡಿ ಇಟ್ಟೆ. ಯಾರೂ ಕೈ ಹಿಡಿದು ಕೂರಿಸಲಿಲ್ಲ. ಹಿಡಿದವಳೆಂದರೆ ಹೆಂಡತಿ ಒಬ್ಬಳೇ.

ನಮ್ಮ ಅಂಗಡಿ ನಿಂತಿದ್ದೇ ಅವಳ ಕಣ್ಣಿನ ಮೇಲೆ. ಹೊಸ ಮಾಲು ಬಂದರೆ ಅವಳು ಬಟ್ಟೆಯ ಅಂಚನ್ನು ಬಾಗಿಲಿಗೆ ಒಯ್ಯುತ್ತಿದ್ದಳು. ಎಡಗಣ್ಣು ಮುಚ್ಚಿ, ಬಲಗಣ್ಣಿನ ಹತ್ತಿರ ತಂದು, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೇಯ್ಗೆ ಎಲ್ಲಿ ಸಡಿಲ, ಬಣ್ಣ ಎಲ್ಲಿ ಕುಂದಿದೆ ಎಂಬುದು ಆ ಒಂದು ನೋಟದಲ್ಲಿ ಮುಗಿಯುತ್ತಿತ್ತು. ಇಬ್ರಾದಲ್ಲಿ ಬುಧವಾರ ಹೆಂಗಸರದೇ ಸಂತೆ, ಗಂಡಸರು ಆ ಕಡೆ ಸುಳಿಯುವುದಿಲ್ಲ. ಸಂತೆ ಮುಗಿಸಿದ ಹೆಂಗಸರು ಸೀದಾ ನಮ್ಮ ಅಂಗಡಿಗೆ ಬರುತ್ತಿದ್ದರು. ಆ ಹೊತ್ತು ನಾನು ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಿದ್ದೆ. ಕೌಂಟರ್ ಅವಳದು. ಮುರುಕು ಅರಬ್ಬಿಯಲ್ಲಿ ಮಾತಾಡುತ್ತ, ಯಾವ ಮಗಳ ಮದುವೆಗೆ ಯಾವ ಬಣ್ಣ ಎಂದು ಆರಿಸಿಕೊಡುತ್ತಿದ್ದಳು. ವಾರದ ಉಳಿದ ದಿನಗಳ ವ್ಯಾಪಾರವೆಲ್ಲ ಕೂಡಿದರೂ ಆ ಒಂದು ಬೆಳಗಿಗೆ ಸಮವಾಗುತ್ತಿರಲಿಲ್ಲ.

ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕತೆ ಹದಗೆಟ್ಟದ್ದು ಅಲ್ಲಿಂದಲೇ. ರೂವಿಯಿಂದ ಹೋಲ್‌ಸೇಲಿನ ಸೇಠ್ ತಿಂಗಳಿಗೊಮ್ಮೆ ವ್ಯಾನಿನಲ್ಲಿ ಮಾಲು ತರುತ್ತಿದ್ದರು. ಕಚ್ಛ್ ಕಡೆಯ ಮುದುಕರು, ಬಾಯಿ ಸಿಹಿ, ಬೆರಳು ಬಿಗಿ. ಮೊದಮೊದಲು ನಾವು ಗಂಡಹೆಂಡತಿ ಅವರೆದುರೇ ತುಳುವಿನಲ್ಲಿ ಮಾತಾಡಿಕೊಂಡು ದರ ನಿಶ್ಚಯಿಸುತ್ತಿದ್ದೆವು. ಒಂದು ದಿನ ಅವಳು “ಬೊಡ್ಚಿ” ಎಂದಾಗ ಸೇಠ್ ನಕ್ಕು, “ಭಾಭಿ, ಬೊಡ್ಚಿ ಅಂದರೆ ಬೇಡ ಅಂತ ನನಗೂ ತಿಳಿಯಿತು” ಎಂದರು. ಅಂದಿನಿಂದ ತುಳು ಬಿಟ್ಟು ನಾಟಕಕ್ಕೆ ಇಳಿದೆವು. ಒಬ್ಬರು ಮಾಲಿನಲ್ಲಿ ಹುಳುಕು ತೆಗೆಯಬೇಕು, ಇನ್ನೊಬ್ಬರು ಒಲ್ಲದ ಮನಸ್ಸಿನಿಂದ ಒಪ್ಪಬೇಕು. ಯಾವ ಪಾತ್ರ ಯಾರಿಗೆ ಎಂದು ಮೊದಲೇ ಮಾತಾಡಿಕೊಳ್ಳುತ್ತಿರಲಿಲ್ಲ. ಒಬ್ಬರು ಶುರುಮಾಡಿದರೆ ಇನ್ನೊಬ್ಬರಿಗೆ ತಿಳಿಯುತ್ತಿತ್ತು. ತಿಳಿಯುತ್ತದೆ ಎಂದುಕೊಂಡಿದ್ದೆವು.

ಆ ವರ್ಷ ಈದ್ ಹತ್ತಿರ ಬಂದಿತ್ತು. ಸೇಠ್ ಕೆಂಪು ಬಟ್ಟೆಯ ಥಾನುಗಳನ್ನು ತಂದು ಕೌಂಟರಿನ ಮೇಲೆ ಉರುಳಿಸಿದರು. ಅವಳು ಒಂದರ ಅಂಚು ಹಿಡಿದು ಬಾಗಿಲಿಗೆ ಹೋದಳು, ಎಡಗಣ್ಣು ಮುಚ್ಚಿದಳು, ಸ್ವಲ್ಪ ಹೊತ್ತು ಹಾಗೇ ನಿಂತಳು.

“ಇದರ ಕೆಂಪು ಮಾಸಿದೆ” ಎಂದಳು.

“ಏನು ಹೇಳ್ತೀರಿ ಭಾಭಿ! ನಿನ್ನೆ ಬಿಚ್ಚಿದ ಮಾಲು!” ಸೇಠ್ ಎದೆ ಮುಟ್ಟಿಕೊಂಡರು.

“ಮಾಸಿದೆ ಸೇಠ್‌ಜೀ. ಇಟ್ಟಿಗೆ ಹಾಗೆ ಕಾಣ್ತದೆ.”

ನಾನು ಬಟ್ಟೆ ನೋಡಿದೆ. ನನ್ನ ಕಣ್ಣು ಅವಳಷ್ಟು ಚುರುಕಲ್ಲ, ಆದರೆ ಕುರುಡೂ ಅಲ್ಲ. ಅದು ದಾಳಿಂಬೆಯ ಬೀಜದಂತೆ ಹೊಳೆಯುವ ಕೆಂಪು. ಒಂದೇ ಒಂದು ಕುಂದಿಲ್ಲ. ನಾನು ಒಳಗೊಳಗೆ ಭಲೇ ಎಂದೆ. ಹಬ್ಬಕ್ಕೆ ಹೆಚ್ಚು ಖರ್ಚಾಗುವ ಕೆಂಪನ್ನೇ ಹಿಡಿದಿದ್ದಾಳಲ್ಲ, ಎಂಥ ಜಾಣೆ! ಕೂಡಲೇ ನನ್ನ ಪಾತ್ರ ಎತ್ತಿಕೊಂಡೆ. “ಹೌದಲ್ಲ ಸೇಠ್, ಇದು ಗೋದಾಮಿನಲ್ಲಿ ಬಿಸಿಲು ತಿಂದ ಮಾಲು. ನಮ್ಮ ಸಂಬಂಧ ಹಳೆಯದು, ಹಾಗಾಗಿ ವಾಪಸ್ ಕಳಿಸುವುದಿಲ್ಲ. ಆದರೆ ಈ ದರಕ್ಕೆ ಆಗುವುದಿಲ್ಲ.” ಸೇಠ್ ದೇವರನ್ನು ಕರೆದರು, ಮಕ್ಕಳ ಆಣೆ ಹಾಕಿದರು, ಕೊನೆಗೆ ದರ ಇಳಿಸಿ, ಅದರ ಮೇಲೆ ಅಸ್ತರಿನ ಬಟ್ಟೆಯನ್ನೂ ಪುಕ್ಕಟೆ ಬಿಟ್ಟುಹೋದರು.

ವ್ಯಾನು ತಿರುಗಿದ್ದೇ ನಾನು ಹೊಟ್ಟೆ ಹಿಡಿದು ನಕ್ಕೆ. “ಎಂಥ ಆ್ಯಕ್ಟಿಂಗ್ ಮಾರಾಯ್ತಿ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.”

“ಆ್ಯಕ್ಟಿಂಗ್ ಎಂತದು? ಮಾಸಿದ್ದು ಹೌದಲ್ಲ? ನೀವೇ ಹೇಳಿದ್ರಲ್ಲ ಈಗ.”

“ಹೌದು ಹೌದು, ಮಾಸಿದೆ” ಎಂದು ನಾನು ಇನ್ನೂ ಜೋರಾಗಿ ನಕ್ಕೆ, ಚಹಾ ಹೇಳಲು ಹೊರಗೆ ಹೋದೆ. ಆಟವನ್ನು ಮುಂದುವರಿಸುತ್ತಿದ್ದಾಳೆ ಎಂದುಕೊಂಡೆ. ಆ ಗಳಿಗೆಯಲ್ಲಿ ನಿಂತು, “ಇಲ್ಲ ಮಾರಾಯ್ತಿ, ಕೆಂಪು ಕೆಂಪಾಗಿಯೇ ಇದೆ” ಎಂದು ಒಂದು ವಾಕ್ಯ ನಿಜ ಹೇಳಿದ್ದರೆ ಸಾಕಿತ್ತು.

ಆ ವಾರವೇ ಅವಳು ಬಲಗಣ್ಣು ಹೊರಳಿಸಿದರೆ ನೋವು ಎಂದಿದ್ದಳು. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದುಕೊಟ್ಟೆ. ಬಿಸಿಲಿಗೆ ಹೋದರೆ ಮಂಜು ಕವಿದ ಹಾಗಾಗುತ್ತದೆ ಎಂದಾಗ, “ಇಬ್ರಾದ ಬಿಸಿಲಲ್ಲಿ ಯಾರಿಗೆ ಕಣ್ಣು ಕಾಣ್ತದೆ?” ಎಂದೆ. ಆ ಬೇಸಿಗೆ ಇಡೀ ಅವಳಿಗೆ ಸುಸ್ತು. “ಏಸಿಯಲ್ಲಿ ಕೂತುಕೊಂಡೇ ಇಷ್ಟು ಸುಸ್ತಾ?” ಎಂದೂ ಕೇಳಿದ್ದೇನೆ, ಮರೆತಿಲ್ಲ. ಕೆಲವು ವಾರಗಳಲ್ಲಿ ನೋವು ಹೋಯಿತು, ಅವಳು ಕಣ್ಣಿನ ಮಾತು ನಿಲ್ಲಿಸಿದಳು. ನಾನು ಗುಣವಾಯಿತು ಎಂದುಕೊಂಡೆ. ಆದರೆ ಒಂದು ನೋಡಿದ್ದೆ. ಬಟ್ಟೆಯನ್ನು ಬಾಗಿಲಿಗೆ ಒಯ್ದಾಗ ಅವಳು ಈಗ ಎಡಗಣ್ಣಿನ ಬದಲು ಬಲಗಣ್ಣು ಮುಚ್ಚುತ್ತಿದ್ದಳು. ಗಿರಾಕಿಯ ಚಪ್ಪಲಿ ನೋಡಿ ಜೇಬು ಅಳೆಯುವ ನಾನು ಇದನ್ನು ನೋಡಿಯೂ ಏಕೆಂದು ಕೇಳಲಿಲ್ಲ.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಕಾರಿನ ಕಡೆ ಹೊರಟಿದ್ದೆವು. ಹನ್ನೊಂದನೇ ಕ್ಲಾಸಿನಲ್ಲಿದ್ದ ಮಗಳು ಹಿಂದಿನಿಂದ ನಗುತ್ತ ಕೂಗಿದಳು, “ಅಮ್ಮಾ, ಯುವರ್ ಚಪ್ಪಲ್!” ತಿರುಗಿ ನೋಡಿದರೆ ಹೆಂಡತಿಯ ಬಲಗಾಲಿನ ಚಪ್ಪಲಿ ಅಂಗಡಿಯ ಮೆಟ್ಟಿಲಲ್ಲೇ ಬಿದ್ದಿದೆ. ಇಪ್ಪತ್ತು ಹೆಜ್ಜೆ ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆದು ಬಂದಿದ್ದಾಳೆ, ಅವಳಿಗೆ ಗೊತ್ತಿಲ್ಲ. ಅವಳು ಬಗ್ಗಿ ಕಾಲು ನೋಡಿಕೊಂಡಳು, ಇನ್ಯಾರದೋ ಕಾಲನ್ನು ನೋಡಿದ ಹಾಗೆ. ಮಗಳ ನಗು ನಿಂತಿತು. “ಅಮ್ಮಾ, ಕಾಂಟ್ ಯು ಫೀಲ್ ಇಟ್?”

ಊರಿನ ಕ್ಲಿನಿಕ್ಕಿನವರು ಕಾಲು ತಟ್ಟಿ ನೋಡಿ ಮಸ್ಕತ್ತಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ನರರೋಗದ ಡಾಕ್ಟರು ಒಮಾನಿ ಹೆಂಗಸು, ಬಲೂಚಿ ಮನೆತನದವರು, ಹಿಂದಿ ಸಲೀಸು. ಅವರು ದೊಡ್ಡ ಯಂತ್ರ ಯಾವುದನ್ನೂ ಮೊದಲು ತೆಗೆಯಲಿಲ್ಲ. ಮೇಜಿನ ಮೇಲಿದ್ದ ಔಷಧಿ ಬಾಟಲಿಯ ಕೆಂಪು ಮುಚ್ಚಳವನ್ನು ಎತ್ತಿ ಹಿಡಿದರು.

“ಬಲಗಣ್ಣು ಮುಚ್ಚಿ. ಯಾವ ಬಣ್ಣ?”

“ಕೆಂಪು.”

“ಈಗ ಎಡಗಣ್ಣು ಮುಚ್ಚಿ.”

ಅವಳು ಮುಚ್ಚಳದ ಕಡೆ ಬಗ್ಗಿದಳು. “ಮಾಸಿದ ಕೆಂಪು. ಇಟ್ಟಿಗೆ ಹಾಗೆ.”

ಡಾಕ್ಟರು ಬರೆದುಕೊಳ್ಳುತ್ತಿದ್ದರು. ಆ ಮಾತನ್ನು ನಾನು ಎಂಟು ತಿಂಗಳ ಹಿಂದೆ ನನ್ನ ಅಂಗಡಿಯ ಬಾಗಿಲಲ್ಲಿ ಕೇಳಿದ್ದೆ, ಕೇಳಿ ಲಾಭ ಮಾಡಿಕೊಂಡಿದ್ದೆ.

ತಲೆಯದೂ ಬೆನ್ನಿನದೂ ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆದರು. ಮುಂದಿನ ಭೇಟಿಯಲ್ಲಿ ರೋಗದ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ಕಣ್ಣಿನ ನರದಲ್ಲಿ ಹಳೆಯ ಗಾಯ, ಬೆನ್ನುಹುರಿಯಲ್ಲಿ ಹೊಸದು.

“ಯಾವ ಕ್ರಿಮಿ ಡಾಕ್ಟರೇ?” ಎಂದೆ. ಎದುರಾಳಿ ಯಾರೆಂದು ತಿಳಿಯದೆ ನಾನು ಯಾವ ಮಾತುಕತೆಗೂ ಕೂರುವವನಲ್ಲ.

“ಕ್ರಿಮಿ ಇಲ್ಲ. ಅವರದೇ ದೇಹದ ಕಾವಲುಗಾರರು” ಎಂದರು.

ನನಗೆ ಅರ್ಥವಾಗುವ ಹಾಗೆ ಅವರು ಬಹಳ ಹೊತ್ತು ಕೂತು ಹೇಳಿದರು. ರೋಗದ ವಿರುದ್ಧ ಹೋರಾಡುವ ಕಣಗಳಿಗೆ ಮಿದುಳಿನಲ್ಲಿ ಕೆಲಸವಿಲ್ಲ, ಅದು ಬೀಗ ಹಾಕಿದ ಕೋಣೆ ಎಂದು ಬಹಳ ಕಾಲ ಡಾಕ್ಟರುಗಳೇ ನಂಬಿದ್ದರಂತೆ. ಹಾಗಲ್ಲ. ಮಿದುಳಿನ ಒಳಗೇ ಕೆಲವು ಕಾವಲುಗಾರ ಕಣಗಳು ಸಂಸಾರ ಹೂಡಿವೆ, ನರಗಳ ಸಂದುಗಳನ್ನು ಸದಾ ಮುಟ್ಟಿ ಮುಟ್ಟಿ ನೋಡುತ್ತಿರುತ್ತವೆ. ಮಿದುಳಿನ ಹೊರಪೊರೆಯಲ್ಲಿ ಇನ್ನಷ್ಟು ಕಣಗಳು ಓಡಾಡುತ್ತವೆ. ನರಕ್ಕೂ ಇವಕ್ಕೂ ನಡುವೆ ಹಗಲಿರುಳು ಮಾತುಕತೆ ಇದೆ. ರಾಸಾಯನಿಕವೇ ಅವುಗಳ ಭಾಷೆ. ನಾನು ಕ್ಷೇಮ, ನೀನು ಸುಮ್ಮನಿರು ಎಂದು ನರ ಹೇಳುತ್ತಿರುತ್ತದೆ. ಮೈಯಲ್ಲಿ ಎಲ್ಲೋ ಸೋಂಕು ಬಂದರೆ ಕಾವಲುಗಾರರು ಮಿದುಳಿಗೆ ಸುದ್ದಿ ಮುಟ್ಟಿಸುತ್ತಾರೆ, ಮಿದುಳು ನಮ್ಮನ್ನು ಮಲಗಿಸುತ್ತದೆ. ಜ್ವರದಲ್ಲಿ ಊಟ ಬೇಡವಾಗುವುದು, ಯಾರೂ ಬೇಡವೆನಿಸುವುದು ಸೋಮಾರಿತನವಲ್ಲ, ಬಂದ ಸುದ್ದಿಗೆ ಮಿದುಳು ಕೊಟ್ಟ ಉತ್ತರ.

“ಇವರ ಸುಸ್ತು?” ಎಂದೆ.

“ಸುಸ್ತು ಈ ರೋಗದ್ದೇ. ಎಲ್ಲ ಕಾರಣ ನಮಗೂ ಗೊತ್ತಿಲ್ಲ. ಆ ಸುದ್ದಿ ನಿಲ್ಲದೆ ಹೋಗುತ್ತಿರುವುದೂ ಒಂದು ಕಾರಣ ಇರಬಹುದು.”

ಹೆಂಡತಿ ನನ್ನ ಮುಖ ನೋಡಲಿಲ್ಲ. ಏಸಿಯ ಮಾತು ಅವಳಿಗೂ ನೆನಪಿತ್ತು.

ಇವಳ ದೇಹದಲ್ಲಿ ಕೆಲವು ಕಾವಲುಗಾರರು ತಪ್ಪು ಕಲಿತುಬಿಟ್ಟಿದ್ದರು. ಏಕೆ ಕಲಿತರೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಅವರು ರಕ್ತದಿಂದ ಒಳಗೆ ದಾಟಿ ಬಂದು, ನರದ ಮೇಲಿನ ಹೊದಿಕೆಯನ್ನೇ ಪರಕೀಯವೆಂದು ತಿಳಿದು ಕಿತ್ತರು. ಹೊದಿಕೆ ಕಳೆದುಕೊಂಡ ನರ ಮಾತಾಡುತ್ತದೆ, ಆದರೆ ನಿಧಾನ. ಮೈ ಕಾದರೆ ಅದರ ಮಾತು ಅರ್ಧ ದಾರಿಯಲ್ಲೇ ಬಿದ್ದುಹೋಗುತ್ತದೆ. ಬಿಸಿಲಲ್ಲಿ ಮಂಜು ಕವಿಯುತ್ತಿದ್ದುದು ಅದಕ್ಕೆ.

ನಾನು ಕುರ್ಚಿ ಮುಂದೆ ಎಳೆದುಕೊಂಡೆ. “ಎಷ್ಟು ವಾಪಸ್ ಬರುತ್ತದೆ ಡಾಕ್ಟರೇ?”

“ಹೇಳಲು ಆಗುವುದಿಲ್ಲ. ದೇಹ ಸ್ವಲ್ಪ ರಿಪೇರಿ ಮಾಡಿಕೊಳ್ಳುತ್ತದೆ. ಹೊಸ ಏಟು ಬೀಳದಂತೆ ತಡೆಯುವ ಔಷಧಿ ಕೊಡುತ್ತೇವೆ.”

“ಮುಕ್ಕಾಲು ಪಾಲು ಬರಬಹುದಾ? ಅರ್ಧವಾದರೂ?”

“ಬಾಯಿ ಮುಚ್ಚಿ ಕೂತ್ಕೊಳ್ಳಿ ಮಾರಾಯ್ರೆ” ಎಂದಳು ಹೆಂಡತಿ. “ಇದು ಸೇಠನ ವ್ಯಾನ್ ಅಲ್ಲ.”

ಆದರೂ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದೆ. ಕಣ್ಣು ಕೆಟ್ಟ ವಾರವೇ ಬಂದಿದ್ದರೆ? ಡಾಕ್ಟರು ಪೆನ್ನು ಕೆಳಗಿಟ್ಟರು. “ಔಷಧಿ ಬೇಗ ಶುರುವಾಗುತ್ತಿತ್ತು. ಕಾಲು ಉಳಿಯುತ್ತಿತ್ತೋ ಇಲ್ಲವೋ, ಹೌದೆಂದೂ ಹೇಳಲಾರೆ, ಅಲ್ಲವೆಂದೂ ಹೇಳಲಾರೆ.” ನನ್ನ ಜೀವಮಾನದಲ್ಲಿ ಇಷ್ಟು ನೇರವಾಗಿ ಯಾರೂ ನನ್ನ ಜೊತೆ ವ್ಯವಹರಿಸಿರಲಿಲ್ಲ. ಆ ಉತ್ತರವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಇಬ್ರಾಕ್ಕೆ ಮರಳುವ ದಾರಿಯಲ್ಲಿ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿ ಅವಳಿಗೆ ಹೇಳಿದೆ. “ಆ ದಿನದ ಬಟ್ಟೆ ಮಾಸಿರಲಿಲ್ಲ.”

“ಗೊತ್ತುಂಟು ಈಗ.”

“ನನಗೆ ಆಗಲೇ ಗೊತ್ತಿತ್ತು.”

ಅವಳು ತಿರುಗಿದಳು. “ಆಗಲೇ? ನಿಮಗೆ ಕೆಂಪಾಗಿಯೇ ಕಂಡಿತ್ತಾ?”

“ಕಂಡಿತ್ತು. ನೀನು ಆಟ ಕಟ್ಟಿದ್ದು ಅಂದ್ಕೊಂಡೆ.”

ಅವಳು ಮೊದಲು ನಕ್ಕಳು. ಅದನ್ನು ಕೇಳುವುದಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಿತ್ತು. “ನಾನು ಎಂತ ಮಾಡಿದೆ ಗೊತ್ತುಂಟಾ? ನೀವೂ ಮಾಸಿದೆ ಅಂದ್ರಲ್ಲ, ಹಾಗೆ ಬಟ್ಟೆಯೇ ಸರಿ ಇಲ್ಲ ಅಂತ ನಂಬಿದೆ. ಆಮೇಲೆ ಒಂದು ದಿನ ಎರಡು ಕಣ್ಣು ಬೇರೆ ಬೇರೆ ಮುಚ್ಚಿ ನೋಡಿದೆ. ಆಗ ಗೊತ್ತಾಯ್ತು ನನ್ನ ಕಣ್ಣಿನದ್ದೇ ದೋಷ ಅಂತ. ಅಯ್ಯೋ ದೇವರೇ, ನನ್ನ ಮಾತು ನಂಬಿ ಇವರು ಆ ಮುದುಕರಿಗೆ ಅನ್ಯಾಯ ಮಾಡಿದ್ರಲ್ಲ, ಈಗ ಹೇಳಿದ್ರೆ ಇವರ ಮರ್ಯಾದೆ ಹೋಗ್ತದೆ ಅಂತ ಬಾಯಿ ಕಟ್ಟಿ ಕೂತೆ.”

“ನನ್ನ ಮರ್ಯಾದೆಗಾ?”

“ಮತ್ತೆ ಯಾರದ್ದು? ಕಣ್ಣು ಹೇಗೂ ಸ್ವಲ್ಪ ಸ್ವಲ್ಪ ಕಾಣ್ತಾ ಇತ್ತಲ್ಲ.”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಪಂಪಿನವನು ಬಂದು ಗಾಜು ತಟ್ಟಿ, “ಯಲ್ಲಾ, ಯಲ್ಲಾ” ಎಂದು ಮುಂದೆ ಹೋಗಲು ಸನ್ನೆ ಮಾಡಿದ. ನಾನು ಕಾರು ಮುಂದೆ ತೆಗೆದೆ.

ಸೇಠರಿಗೂ ಹೇಳಿದೆ. ರೂವಿಯ ಅವರ ಗೋದಾಮಿಗೇ ಹೋಗಿ, ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. “ಮೂರ್ಖ, ನೀವಿಬ್ಬರೂ ನಾಟಕ ಆಡುತ್ತೀರೆಂದು ನನಗೆ ಮೊದಲ ವರ್ಷವೇ ಗೊತ್ತು. ಅದಕ್ಕೇ ದರ ಏರಿಸಿಕೊಂಡೇ ಇಬ್ರಾಕ್ಕೆ ಬರುತ್ತಿದ್ದೆ. ಆ ದಿನವೂ ಭಾಭಿ ನಾಟಕ ಆಡುತ್ತಿದ್ದಾಳೆ ಎಂದೇ ನಾನೂ ತಿಳಿದೆ.” ಆ ಕೆಂಪು ಬಂದ ದಿನ ನಮ್ಮ ಅಂಗಡಿಯಲ್ಲಿ ಮೂರು ಜನ ಇದ್ದೆವು. ನಿಜ ನುಡಿದವಳು ಅವಳೊಬ್ಬಳೇ, ಅದನ್ನು ಕೇಳಿಸಿಕೊಂಡವರು ಯಾರೂ ಇಲ್ಲ.

ಓದುವವರಿಗೆ ಇಲ್ಲೊಂದು ಮಾತು, ಇದಕ್ಕೆ ಬೆಲೆ ಕಟ್ಟುವುದಿಲ್ಲ. ಮನೆಯಲ್ಲಿ ಯಾರಾದರೂ ಕಣ್ಣು ಹೊರಳಿಸಿದರೆ ನೋವು, ಬಣ್ಣ ಯಾಕೋ ಬೇರೆ ಕಾಣುತ್ತದೆ ಎಂದರೆ ಒಂದೊಂದೇ ಕಣ್ಣು ಮುಚ್ಚಿಸಿ ಕೆಂಪು ವಸ್ತು ತೋರಿಸಿ. ಎರಡೂ ಕಣ್ಣಿಗೆ ಒಂದೇ ಕೆಂಪು ಕಾಣದಿದ್ದರೆ ಡ್ರಾಪ್ಸ್ ಕೊಳ್ಳಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ, ಅಂದೇ ಹೋಗಿ. ಎರಡೂ ಒಂದೇ ಕಂಡರೂ ನೋವು ನಿಲ್ಲದಿದ್ದರೆ ಹೋಗಿ. ಮಾತಿನಲ್ಲಿ ಗೆಲ್ಲುವ ಅಭ್ಯಾಸ ಇರುವವರು ಮುಖ್ಯವಾಗಿ ಇದನ್ನು ಬರೆದಿಟ್ಟುಕೊಳ್ಳಿ.

ಈಗ ಆರು ತಿಂಗಳಿಗೊಮ್ಮೆ ಮಸ್ಕತ್ತಿಗೆ ಹೋಗುತ್ತೇವೆ. ಡ್ರಿಪ್ ಹಾಕುತ್ತಾರೆ, ಅವಳು ಅರ್ಧ ದಿನ ಮಲಗಿರುತ್ತಾಳೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹೊಸ ಗಾಯ ಇಲ್ಲ ಎಂದಿದ್ದಾರೆ. ಹಳೆಯದು ಪೂರ್ತಿ ಮಾಯಲಿಲ್ಲ. ಬಲಗಣ್ಣಿಗೆ ಬಣ್ಣ ಮರಳಲಿಲ್ಲ. ಬೆಳಗ್ಗೆ ಕಾಲು ಅಷ್ಟಿಷ್ಟು ಮಾತು ಕೇಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಳೆಯತೊಡಗುತ್ತದೆ.

ರೋಗಕ್ಕಿಂತ ಹೆಚ್ಚು ನನ್ನನ್ನು ಕೊರೆದದ್ದು ಇನ್ನೊಂದು. ಅವಳು ನನ್ನ ಮಾತು ನಂಬುವುದನ್ನು ಬಿಟ್ಟಳು. ಜಗಳವಿಲ್ಲ, ಕೋಪವಿಲ್ಲ. “ಇವತ್ತು ಚೆನ್ನಾಗಿ ಕಾಣ್ತಿ” ಎಂದರೆ, “ಇದು ನನಗೆ ಹೇಳಿದ್ದಾ, ಗಿರಾಕಿಗೆ ಹೇಳಿದ್ದಾ?” ಎನ್ನುತ್ತಿದ್ದಳು, ನಗುತ್ತಲೇ. ಸೀರೆಗೆ ರವಿಕೆ ಹೊಂದುತ್ತದೋ ಎಂದು ನನ್ನನ್ನು ಕೇಳುತ್ತಿರಲಿಲ್ಲ, ಮಗಳು ಶಾಲೆಯಿಂದ ಬರುವವರೆಗೆ ಕಾಯುತ್ತಿದ್ದಳು. ನಾನು ಸರಿ ಹೇಳಿದಾಗಲೂ ಅವಳಿಗೆ ಅದು ಸರಿಯಾಗಿ ಮುಟ್ಟುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದು ಕಣ್ಸನ್ನೆಗೆ ಅರ್ಥ ಮಾಡಿಕೊಳ್ಳುತ್ತಿದ್ದವರು ನಾವು.

ಮೂರನೇ ಡ್ರಿಪ್ ಮುಗಿದ ದಿನ ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಅವಳು ನಿಂತಳು.

“ಬರುವ ಬುಧವಾರದಿಂದ ಕೌಂಟರಿಗೆ ನಿಲ್ಬೇಕೂಂತ ಉಂಟು ನನಗೆ” ಎಂದಳು. ಒಂದು ವರ್ಷದಿಂದ ಬುಧವಾರ ಅವಳು ಕುರ್ಚಿ ಹಾಕಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದಳು ಅಷ್ಟೇ. ಥಾನು ಇಳಿಸುವುದು, ಅಳೆಯುವುದು ಎಲ್ಲ ಗಿರಾಕಿ ಹೆಂಗಸರೇ ಮಾಡಿಕೊಳ್ಳುತ್ತಿದ್ದರು. “ಆ ತುದಿಯವರೆಗೆ ನಡೆದು ಬರ್ತೇನೆ. ನೋಡಿ ಹೇಳಿ. ಬೆಳಗ್ಗಿಂದ ಮಧ್ಯಾಹ್ನದವರೆಗೆ ನಿಲ್ಲುವ ಕಾಲಾ ಇದು, ಅಲ್ಲವಾ ಅಂತ. ನೀವು ಹೇಳಿದ ಹಾಗೆ ಮಾಡ್ತೇನೆ.”

“ಡಾಕ್ಟರನ್ನೇ ಕೇಳಿದರೆ ಆಗ್ಲಿಕ್ಕಿಲ್ವಾ?”

“ಅವರು ನನ್ನನ್ನು ಅಂಗಡಿಯಲ್ಲಿ ಕಂಡಿದ್ದಾರಾ? ನೀವು ಕಂಡಿದ್ದೀರಿ.”

ಅವಳು ನಡೆದಳು. ನೆಲದ ಮೇಲೆ ಬಳಿದ ನೀಲಿ ಗೆರೆಯ ಪಕ್ಕದಲ್ಲೇ ಹೋಗಬೇಕೆಂದು ಪ್ರಯತ್ನಿಸಿದಳು. ಮೊದಲ ಹತ್ತು ಹೆಜ್ಜೆ ಚೆನ್ನಾಗಿತ್ತು. ತಿರುಗುವಾಗ ಗೋಡೆ ಹಿಡಿದಳು, ನಾನು ನೋಡಬಾರದೆಂದು ಬೇಗ ಕೈ ಬಿಟ್ಟಳು. ಬರುವಾಗ ಬಲಪಾದದ ಬೆರಳು ನೆಲ ಕೆರೆಯುವ ಸದ್ದು ನನಗೆ ಕೇಳಿಸಿತು, ಅವಳಿಗೆ ತಿಳಿಯಲಿಲ್ಲ. ಮುಖದಲ್ಲಿ ಮಾತ್ರ ಪರೀಕ್ಷೆ ಬರೆದು ಬಂದ ಮಗುವಿನ ಆಸೆ.

ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಪರವಾಗಿಲ್ಲ, ಒಂದು ಕೈ ನೋಡು, ಆಗದಿದ್ದರೆ ಬಿಡುವಾ. ಕೊಳ್ಳುವವರಿಗೂ ನೋವಾಗದ, ಮಾರುವವನಿಗೂ ನಷ್ಟವಾಗದ ಮಾತು. ಅಂಥ ಮಾತು ಹುಡುಕಿಯೇ ನಾನು ಅನ್ನ ತಿಂದಿರುವುದು.

“ಆಗುವುದಿಲ್ಲ” ಎಂದೆ. “ಬಲಗಾಲು ಎಳೀತದೆ. ತಿರುಗುವಾಗ ಗೋಡೆ ಹಿಡಿದೆ. ಥಾನು ಎತ್ತಿದರೆ ಬೀಳ್ತಿ.”

ಅವಳು ನನ್ನ ಮುಖವನ್ನೇ ನೋಡಿದಳು. ಎಡಗಣ್ಣಿನಿಂದ, ಬಲಗಣ್ಣು ಅರೆಮುಚ್ಚಿ, ಬಟ್ಟೆ ನೋಡುತ್ತಿದ್ದ ಹಾಗೆ.

“ನಿಜವಾ?”

“ನಿಜ.”

“ಆಯ್ತು” ಎಂದಳು. ಆಮೇಲೆ, “ಹೋಗುವಾ, ಹಸಿವಾಗ್ತದೆ” ಎಂದು ನನ್ನ ತೋಳಿಗೆ ಕೈ ಹಾಕಿದಳು. ಲಿಫ್ಟಿನಲ್ಲಿ ಅತ್ತಳು. ನಾನು ಸಮಾಧಾನದ ಮಾತು ಹೇಳಲಿಲ್ಲ, ಹೇಳಿದರೆ ಆಗತಾನೇ ಹೇಳಿದ ನಿಜವೂ ಕೆಡುತ್ತದೆ ಎಂದು ಭಯವಾಯಿತು.

ಆ ಬುಧವಾರ ಅವಳು ಅಂಗಡಿಗೆ ಬರಲಿಲ್ಲ. ಕುರ್ಚಿಯಲ್ಲಿ ಕೂತು ನೋಡುವುದಕ್ಕಿಂತ ಮನೆಯಲ್ಲಿರುವುದೇ ವಾಸಿ ಎಂದಳು. ಸಂತೆ ಮುಗಿಸಿದ ಹೆಂಗಸರು ಬಾಗಿಲಿಗೆ ಬಂದು, ಕೌಂಟರಿನಲ್ಲಿ ನನ್ನನ್ನು ಕಂಡು ಅಲ್ಲೇ ನಿಂತರು. ಅವರಲ್ಲಿ ಹಿರಿಯಳೊಬ್ಬಳು ಒಳಗೆ ಇಣುಕಿ ಕೇಳಿದಳು, “ಮದಾಮ್ ವೇನ್?” ಎಲ್ಲಿ ನಿನ್ನ ಹೆಂಡತಿ ಎಂದು.

ಊರಿಗೆ ಹೋಗಿದ್ದಾಳೆ, ಮುಂದಿನ ವಾರ ಬರುತ್ತಾಳೆ ಎಂದಿದ್ದರೆ ಅವರು ಮುಂದಿನ ವಾರವೂ ಬರುತ್ತಿದ್ದರು. ಕಾಯಿಲೆ, ಇನ್ನು ನಿಲ್ಲಲು ಆಗುವುದಿಲ್ಲ, ಬರುವುದಿಲ್ಲ ಎಂದು ನನಗೆ ಬರುವ ಅರಬ್ಬಿಯಲ್ಲಿ ಹೇಳಿದೆ. ಆ ಹಿರಿಯಳು ದೇವರ ಹೆಸರು ಹೇಳಿ, ಕೈಯಲ್ಲಿದ್ದ ಚೀಲದಿಂದ ಒಂದಿಷ್ಟು ಖರ್ಜೂರ ತೆಗೆದು ಕೌಂಟರಿನ ಮೇಲಿಟ್ಟಳು, ಅವಳಿಗೆ ಕೊಡು ಎಂದು ಸನ್ನೆ ಮಾಡಿದಳು. ಆಮೇಲೆ ಎಲ್ಲರೂ ಪಕ್ಕದ ಅಂಗಡಿಯ ಕಡೆ ನಡೆದರು. ನಾನು ಯಾರನ್ನೂ ವಾಪಸ್ ಕರೆಯಲಿಲ್ಲ.